ಹಿನ್ನೀರಿನ ಮೇಲೊಂದು ತೂಗುಗುಂಡು

೧೯೯೭ನೆಯ ಇಸವಿ ಡಿಸೆಂಬರ್ ೧೪, ಭಾನುವಾರ. ಈಶ್ವರ ಸಂವತ್ಸರದ ಮಾರ್ಗಶಿರ ಹುಣ್ಣಿಮೆ. ಹೇಮಂತ ಋತು, ಎಸ್ಟೇಟುಗಳಲ್ಲಿ ಕಾಫಿ ಕೊಯ್ಲಿನ ಭರಾಟೆ. ಬೆಳಗಿನ ಮಂಜು ಒಂಬತ್ತು ಗಂಟೆಯ ಹೊತ್ತಿಗೆ ಹರಿದು, ಆಲೂರು ಸೀಮೆಯ ಗುಡ್ಡಗಳು ಒಂದೊಂದಾಗಿ ತಲೆಯೆತ್ತಿದ್ದವು. ಮೂಡಲ ಗಾಳಿ ಹದವಾಗಿ ಬೀಸುತ್ತಿತ್ತು. ಹೇಮಾವತಿಯ ಹಿನ್ನೀರು ಅಂಚಿನವರೆಗೆ ತುಂಬಿತ್ತು. ಅದರ ದಡದಲ್ಲಿ ಒಂದು ಸಂಸಾರದ ವಾಗ್ವಾದವೂ ಅದೇ ಮಟ್ಟಕ್ಕೆ ಏರಿತ್ತು.

ದ್ರಾಕ್ಷಾಯಣಿ: ಕಂಬ ನೆಟ್ಟಗಿದ್ರೇನು, ಸೊಟ್ಟಗಿದ್ರೇನು? ನಾನೇನು ಕಂಬ ಹತ್ಕೊಂಡು ತವರಿಗೆ ಹೋಗ್ತೀನಾ?

ಏಕಾಂತಯ್ಯ: ಹಾಯಿ ಹೊರೋದು ಕಂಬ ಕಣೇ. ಕಂಬ ಸೊಟ್ಟಗಿದ್ರೆ ಹಾಯಿ ಸೊಟ್ಟ. ಹಾಯಿ ಸೊಟ್ಟಗಿದ್ರೆ ದಾರಿ ಸೊಟ್ಟ.

ದ್ರಾಕ್ಷಾಯಣಿ: ಕುಂದೂರು ಬಸ್ಸು ನೆಟ್ಟಗೇ ಹೋಯ್ತಲ್ರೀ. ಅದಕ್ಕೆ ಕಂಬಾನೇ ಇರ್ಲಿಲ್ಲ.

ಏಕಾಂತಯ್ಯ: ಬಸ್ಸಿನ ಮಾತು ಈಗ್ಯಾಕೆ?

ದ್ರಾಕ್ಷಾಯಣಿ: ಹತ್ತಬೇಡ ಅಂದೋರು ನೀವು, ಅದಕ್ಕೆ. ತೆಪ್ಪದ ಕುಳ್ಳಯ್ಯ ಮನೆ ಬಾಗಿಲಿಗೆ ಬಂದು, "ಅಮ್ಮಾರೆ, ಬನ್ನಿ, ದಾಟಿಸ್ತೀನಿ" ಅಂದ. ಅವನನ್ನೂ ಓಡ್ಸಿದ್ರಿ. ಈಗವನು ಆ ದಡದಲ್ಲಿ ಕೂತ್ಕೊಂಡು ಉಪ್ಪಿಟ್ಟು ತಿಂತಿರ್ತಾನೆ.

ದೋಣಿಯೊಳಗೆ ಎಡಬದಿಗೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ ಮೂರನೆಯ ವ್ಯಕ್ತಿ ಸ್ಪ್ಯಾನರನ್ನು ಎತ್ತಿ ಹಿಡಿದು ಮಧ್ಯೆ ಬಾಯಿ ಹಾಕಿದ.

ತಿಮ್ಮಯ್ಯ: ಗಂಡ ಹೆಂಡ್ತಿ ಆಮೇಲೆ ಕಚ್ಚಾಡ್ಕೊಳ್ಳಿ. ಮೊದ್ಲು ಯಾವ ಕಡೆ ಬಿಗೀಲಿ ಅದನ್ನ ಹೇಳು ಮಾರಾಯ. ಕಾಲು ಜೋಮು ಹಿಡೀತಾ ಐತೆ.

ವಿಷಯವನ್ನು ಆಮೂಲಾಗ್ರವಾಗಿ ಹೇಳುವುದಾದರೆ ಹೀಗೆ. ಏಕಾಂತಯ್ಯನವರು ವನಗೂರಿನ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸಗಾರರ ಲೆಕ್ಕ ನೋಡುವ ರೈಟರಾಗಿ ದುಡಿದು, ೧೯೯೬ನೆಯ ಮಾರ್ಚ್ ೩೧ರಂದು ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಮಾಲೀಕರು ಗೋಡೆ ಗಡಿಯಾರವನ್ನು ಕೊಡಲು ಮುಂದಾದಾಗ, ಇವರು ಅದನ್ನು ವಿನಯದಿಂದ ನಿರಾಕರಿಸಿ, ಸ್ಟೋರಿನ ಮೂಲೆಯಲ್ಲಿ ಮೆಣಸಿನ ಚೀಲಗಳ ಕೆಳಗೆ ಬಿದ್ದಿದ್ದ ಪುಟ್ಟ ಹಾಯಿದೋಣಿಯನ್ನು ಕೇಳಿ ಪಡೆದರು. ಹಿಂದಿನ ಯಾವನೋ ಮ್ಯಾನೇಜರು ಕೆರೆಯಲ್ಲಿ ವಿಹರಿಸಲೆಂದು ತರಿಸಿದ್ದ ಮರದ ದೋಣಿ ಅದು. ಅದರ ನಡುವೆ ಒಂದು ಕಂಬ. ಆ ಕಂಬವನ್ನು ಹಿಡಿದು ನಿಲ್ಲಿಸಲು ಮುಂದಕ್ಕೊಂದು, ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ತಂತಿ. ಪ್ರತಿಯೊಂದು ತಂತಿಯ ಬುಡದಲ್ಲಿ ಬಿಗಿಸುವುದಕ್ಕೂ ಸಡಿಲಿಸುವುದಕ್ಕೂ ಒಂದೊಂದು ತಿರುಪು. ಹಿಂದಿನ ಎರಡು ಭಾನುವಾರ ಏಕಾಂತಯ್ಯನವರು ದಡದುದ್ದಕ್ಕೂ ಅದನ್ನು ನಡೆಸಿ ನೋಡಿ, ತಮ್ಮ ವಿದ್ಯೆ ಪೂರ್ಣವಾಯಿತೆಂದು ಭಾವಿಸಿದ್ದರು.

ತಿಮ್ಮಯ್ಯ ಅವರ ಬಾಲ್ಯದ ಗೆಳೆಯ. ಕರೆಂಟು ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಆನೇಮಹಲಿನಿಂದ ವನಗೂರಿನವರೆಗೆ ವಿದ್ಯುತ್ ಕಂಬಗಳನ್ನು ಎಳೆದು ನಿಲ್ಲಿಸುವ ಸ್ಟೇ ವೈರ್ ಬಿಗಿದದ್ದೆಲ್ಲ ತನ್ನ ಕೈಯೇ ಎಂಬುದು ಅವನ ವಾದ. ಏಕಾಂತಯ್ಯನವರಿಗಾದರೋ ತೂಗುಗುಂಡೇ ಪ್ರಮಾಣ. ಎಸ್ಟೇಟಿನಲ್ಲಿ ಕೂಲಿಲೈನಿನ ಮನೆಗಳ ಗೋಡೆ ಏಳುವಾಗ, ಗುಂಡು ಇಳಿಬಿಟ್ಟು ನೋಡದೆ ಅವರು ಒಂದು ಗೋಡೆಯನ್ನೂ ಒಪ್ಪಿದವರಲ್ಲ. ಈಗಲೂ ಕಂಬದ ತುದಿಯಿಂದ ಒಂದು ದಾರ ಇಳಿದು, ಅದರ ಕೊನೆಯಲ್ಲಿ ಹಿತ್ತಾಳೆಯ ಗುಂಡು ಗಂಭೀರವಾಗಿ ತೂಗುತ್ತಿತ್ತು. ದೋಣಿಯ ಹಿಂಭಾಗ ದಡದ ಕಡೆಗಿತ್ತು. ಏಕಾಂತಯ್ಯನವರು ದಡದ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದರು.

ನೀರಿನ ಆಚೆ, ಕೂಗಳತೆಯ ದೂರದಲ್ಲಿ, ದ್ರಾಕ್ಷಾಯಣಮ್ಮನವರ ತವರು. ಅಲ್ಲಿ ಅವರ ತಮ್ಮ ಮಹೇಶನ ಮಗಳು ಕೃತಿಕಾಳ ಸೀಮಂತ. ಆ ಮನೆತನದಲ್ಲಿ ಬಸುರಿಗೆ ಮೊದಲ ಜೊತೆ ಬಳೆ ತೊಡಿಸುವವಳು ಸೋದರತ್ತೆ. ಅವಳು ತೊಡಿಸುವ ತನಕ ಬೇರೆ ಯಾರೂ ಬಳೆ ಮುಟ್ಟುವಂತಿಲ್ಲ. ಮುಹೂರ್ತ ಹನ್ನೊಂದೂವರೆಯೊಳಗೆ. ಅಷ್ಟರಲ್ಲಿ ದ್ರಾಕ್ಷಾಯಣಮ್ಮನವರು ಬಾರದಿದ್ದರೆ ಅತ್ತೆಯ ಸ್ಥಾನದಲ್ಲಿ ನಿಲ್ಲಲು ಅವರ ದೊಡ್ಡಪ್ಪನ ಮಗಳು ಗಂಗಾಮಣಿ ಸಿದ್ಧಳಾಗಿಯೇ ಇದ್ದಳು. ಮುಂದೂಡೋಣವೆಂದರೆ ನಾಡಿದ್ದಿನಿಂದ ಧನುರ್ಮಾಸ. ಬಸ್ಸು ತಪ್ಪಿದ ಮೇಲೆ ಈ ದೋಣಿಯೊಂದೇ ಗತಿ.

ಏಕಾಂತಯ್ಯ: ಎಡಕ್ಕೆ ವಾಲೈತೆ. ಬಲಗಡೆ ತಂತಿ ಒಂದು ಸುತ್ತು ಬಿಗಿ.

ತಿಮ್ಮಯ್ಯ ಎದ್ದು, ಬಲಬದಿಗೆ ದಾಟಿ, ಕುಕ್ಕರಿಸಿ ಬಿಗಿದ.

ತಿಮ್ಮಯ್ಯ: ಆಯ್ತು. ಈಗ ನೋಡು.

ಏಕಾಂತಯ್ಯ: ಅತಿಯಾಯ್ತಲ್ಲೋ! ಬಲಕ್ಕೆ ವಾಲ್ಬುಡ್ತು. ಎಡಗಡೆ ಬಿಗಿ.

ತಿಮ್ಮಯ್ಯ ಎಡಬದಿಗೆ ದಾಟಿ ಬಿಗಿದ.

ಏಕಾಂತಯ್ಯ: ಛೆ, ಮತ್ತೆ ಎಡಕ್ಕೆ ಬಂತು. ನಿನ್ನ ಕೈಗೆ ಹದವೇ ಇಲ್ಲ ತಿಮ್ಮ. ಬಲಗಡೆ ಇನ್ನೊಂದು ಸುತ್ತು.

ತಿಮ್ಮಯ್ಯ: ನನ್ನ ಕೈ ಮಾತಾಡ್ಬೇಡ. ಮಳೆಗಾಲದಲ್ಲಿ ಮರವೇ ಉರುಳಿ ಬಿದ್ರೂ ನಾನು ಕಟ್ಟಿದ ಕಂಬ ಜಪ್ಪಯ್ಯ ಅಂದಿಲ್ಲ. ಸ್ಟೇ ಅಂದ್ರೆ ಹೆಂಗಿರಬೇಕು ಗೊತ್ತಾ? ಎಮ್ಮೆ ಬಂದು ಮೈ ಉಜ್ಜಿದ್ರೂ ಕಂಬ ಅಲ್ಲಾಡಬಾರ್ದು.

ದ್ರಾಕ್ಷಾಯಣಿ: ನೀರಿನ ಮಧ್ಯೆ ಯಾವ ಎಮ್ಮೆ ಬಂದು ಮೈ ಉಜ್ಜುತ್ತೆ ತಿಮ್ಮಣ್ಣ?

ತಿಮ್ಮಯ್ಯ: ಮಾತಿಗಂದೆ ಕಣಕ್ಕ.

ಅವನು ಬಲಗಡೆಯ ತಂತಿಯನ್ನು ಬೆರಳಿನಿಂದ ಮೀಟಿದ. ಅದು 'ಟಿಣ್' ಎಂದಿತು.

ದ್ರಾಕ್ಷಾಯಣಿ: ಶ್ರುತಿ ಸೇರ್ತಾ ಐತೆ. ಇನ್ನೊಂದು ಸುತ್ತು ಬಿಗೀರಿ, ಇಲ್ಲೇ ಭಜನೆಗೆ ಕೂತ್ಕೊಳ್ಳೋಣ. ಬಳೆ ಗಂಗಾಮಣಿ ತೊಡಿಸ್ಲಿ.

ಏಕಾಂತಯ್ಯ: ಸುಮ್ನೆ ಅಪಶಕುನ ನುಡೀಬೇಡ. ಮುಹೂರ್ತಕ್ಕೆ ನಿನ್ನ ಅಲ್ಲಿ ನಿಲ್ಲಿಸ್ತೀನಿ ಅಂತ ಮಾತು ಕೊಟ್ಟೋನು ನಾನು.

ದ್ರಾಕ್ಷಾಯಣಿ: ಇದೇ ಹುಡುಗಿ ಮೈನೆರೆದಾಗ್ಲೂ ಹಿಂಗೇ ಮಾತು ಕೊಟ್ಟಿದ್ರಿ. ಜೀಪಿನ ಟೈರು ನಾಲ್ಕೂ ಸಮ ಉಬ್ಬಿಲ್ಲ ಅಂತ ಗಾಳಿ ಹಾಕಿಸ್ತಾ ನಿಂತ್ರಿ. ನಾವು ಹೋಗೋಷ್ಟರಲ್ಲಿ ಆರತಿ ತಟ್ಟೆ ಗಂಗಾಮಣಿ ಕೈಲಿತ್ತು. ಇವತ್ತಿಗೂ ಮದುವೆ ಮನೇಲಿ ಸಿಕ್ಕಿದ್ರೆ, "ಪಾಪ, ಅಕ್ಕನಿಗೆ ದೂರ" ಅಂತಾಳೆ.

ಏಕಾಂತಯ್ಯನವರು ಮತ್ತೆ ಒಂದು ಕಣ್ಣು ಮುಚ್ಚಿದರು. ಇಂಥ ಮಾತು ಬಂದಾಗಲೆಲ್ಲ ಅವರು ತೂಗುಗುಂಡನ್ನು ನೋಡುತ್ತಿದ್ದರು. ಅಷ್ಟರಲ್ಲಿ ಆಚೆಯ ದಡದ ಶಾಮಿಯಾನದಿಂದ ಬರುತ್ತಿದ್ದ ಹಾಡು ಫಕ್ಕನೆ ನಿಂತು, ಮೈಕ್ ಸೆಟ್ಟಿನ ಮೋಹನನ ಕಂಠ ನೀರಿನ ಮೇಲೆ ತೇಲಿ ಬಂತು.

ಮೈಕು: ಹಲೋ, ಹಲೋ. ಸೋದರತ್ತೆಯವರಾದ ಶ್ರೀಮತಿ ದ್ರಾಕ್ಷಾಯಣಮ್ಮನವರು ಎಲ್ಲಿದ್ದರೂ ಶೀಘ್ರವಾಗಿ ಆಗಮಿಸಬೇಕೆಂದು ವಿನಂತಿ.

ದ್ರಾಕ್ಷಾಯಣಿ: ಎಲ್ಲಿದ್ದರೂ ಅಂತಾನೆ! ಎದುರಿಗೇ ನಿಂತಿದೀನಲ್ಲೋ, ಕಣ್ಣು ಕಾಣಲ್ವಾ?

ತಿಮ್ಮಯ್ಯ: ಕೇಳಿಸಲ್ಲಕ್ಕ. ಅವರ ಹಾಡಿನೊಳಗೆ ನಮ್ಮ ಕೂಗು ಮುಳುಗಿ ಹೋಗ್ತದೆ.

ದ್ರಾಕ್ಷಾಯಣಿ: ಹುಟ್ಟು ಐತಲ್ಲ, ಅದನ್ನಾದ್ರೂ ಹಾಕ್ಕೊಂಡು ಹೋಗೋಣ ನಡೀರಿ.

ಏಕಾಂತಯ್ಯ: ಹುಟ್ಟು ಹಾಕ್ಕೊಂಡು ಹೋದ್ರೆ ಇದಕ್ಕೂ ಕುಳ್ಳಯ್ಯನ ತೆಪ್ಪಕ್ಕೂ ಏನೇ ವ್ಯತ್ಯಾಸ?

ದ್ರಾಕ್ಷಾಯಣಿ: ಕುಳ್ಳಯ್ಯನ ತೆಪ್ಪ ಹೋಗಿ ಮುಟ್ಟೈತೆ. ಅದೇ ವ್ಯತ್ಯಾಸ.

ಹೀಗೆಂದವರೇ ಆಕೆ ಚರ್ಚೆ ಮುಗಿಯಿತೆಂದು ತೀರ್ಮಾನಿಸಿದರು. ಮಡಿಲಕ್ಕಿ, ಹಸಿರು ಬಳೆ, ಕರ್ಜಿಕಾಯಿ, ಹೊಸ ತಂಬಿಗೆ ಎಲ್ಲವನ್ನೂ ತುಂಬಿದ್ದ ಬುಟ್ಟಿಯನ್ನು ಸೊಂಟಕ್ಕೇರಿಸಿ, ರೇಷ್ಮೆ ಸೀರೆಯ ಅಂಚನ್ನು ಎತ್ತಿ ಹಿಡಿದು, ದೋಣಿಯೊಳಗೆ ಹೆಜ್ಜೆಯಿಟ್ಟು ಎಡಬದಿಯಲ್ಲಿ ಕುಳಿತುಬಿಟ್ಟರು. ತಿಮ್ಮಯ್ಯನೂ ಅಷ್ಟರಲ್ಲಿ ಮತ್ತೆ ಎಡಬದಿಗೆ ಬಂದಿದ್ದ.

ಏಕಾಂತಯ್ಯ: ಅಯ್ಯಯ್ಯೋ! ಇಷ್ಟು ಹೊತ್ತು ವಾಲಿದ್ದು ಏನೇನೂ ಅಲ್ಲ, ಈಗ ನೋಡು ವಾಲಿರೋದು!

ದ್ರಾಕ್ಷಾಯಣಿ: ಏನಂದ್ರಿ?

ಏಕಾಂತಯ್ಯ: ಕಂಬದ ಮಾತು ಕಣೇ.

ದ್ರಾಕ್ಷಾಯಣಿ: ನಾನು ಕೂತ ತಕ್ಷಣ ಕಂಬದ ಮಾತು ನೆನಪಾಯ್ತಾ? ಎಮ್ಮೆ ಮೈ ಉಜ್ಜಿದ್ರೆ ಅಂತ ಅವರಂದ್ರು, ಈಗ ವಾಲ್ತು ಅಂತ ನೀವಂತೀರಿ. ಇಬ್ರೂ ಸೇರಿ ಬೆಳಗ್ಗಿಂದ ನನ್ನನ್ನೇ ಆಡ್ಕೊಳ್ತಿದೀರಿ.

ತಿಮ್ಮಯ್ಯ: ಅಕ್ಕ, ಲಿಂಗದಾಣೆ, ನಾನಂದದ್ದು ನಾಲ್ಕು ಕಾಲಿನ ಎಮ್ಮೆ.

ದ್ರಾಕ್ಷಾಯಣಿ: ಅಂದ್ರೆ ಎರಡು ಕಾಲಿಂದು ಬೇರೆ ಐತಾ?

ಏಕಾಂತಯ್ಯ: ತಿಮ್ಮ, ನೀನು ಬಾಯಿ ಮುಚ್ಕೊಂಡು ಬಲಕ್ಕೆ ಬಿಗಿ! ಈ ಸಲ ಮೂರು ಸುತ್ತು.

ತಿಮ್ಮಯ್ಯ ಮೂರು ಸುತ್ತು ಬಿಗಿದ. ದೋಣಿಯ ಒಡಲಿನಿಂದ ಹಳೆಯ ಬಾಗಿಲು ತೆರೆದಂಥ ಒಂದು ನರಳಿಕೆ ಹೊರಟಿತು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಎಂದು ಏಕಾಂತಯ್ಯನವರು ಎರಡೂ ತೋಳುಗಳನ್ನು ಗಾಳಿಯಲ್ಲಿ ಬೀಸಿ ಬೀಸಿ ಆಜ್ಞೆ ಮಾಡುತ್ತಿದ್ದರು.

ದ್ರಾಕ್ಷಾಯಣಿ: ರೀ, ಕಾಲಿಗೆ ತಣ್ಣಗಾಯ್ತು.

ಏಕಾಂತಯ್ಯ: ಡಿಸೆಂಬರ್ ತಿಂಗಳು. ತಣ್ಣಗಿರದೆ ಇನ್ನೇನು?

ದ್ರಾಕ್ಷಾಯಣಿ: ಡಿಸೆಂಬರ್ ದೋಣಿ ತಳದಿಂದ ಬರ್ತಾ ಐತೆ! ನೀರು ಕಣ್ರೀ, ನೀರು!

ತಿಮ್ಮಯ್ಯ: ಹೌದು ಮಾರಾಯ, ಹಲಗೆ ಸಂದೀಲಿ ಜಿನುಗ್ತಾ ಐತೆ. ಬೆಳಗ್ಗೆ ಇರ್ಲಿಲ್ಲ.

ಏಕಾಂತಯ್ಯ: ಒಣಗಿದ ಮರ, ಸ್ವಲ್ಪ ನೀರು ಕುಡೀತದೆ. ಬಿಗಿಯೋದು ನಿಲ್ಲಿಸ್ಬೇಡ.

ತಿಮ್ಮಯ್ಯ ಅತ್ತಿತ್ತ ನೋಡಿ, ಕೈಗೆ ಸಿಕ್ಕ ಪಾತ್ರೆಯೊಂದರಿಂದ ನೀರನ್ನು ಮೊಗೆದು ಹೊರಗೆ ಚೆಲ್ಲತೊಡಗಿದ.

ದ್ರಾಕ್ಷಾಯಣಿ: ತಿಮ್ಮಣ್ಣ! ಅದು ಕೃತಿಕಾಗೆ ಕೊಡೋ ತಂಬಿಗೆ! ಅರಿಸಿನ ಕುಂಕುಮ ಹಚ್ಚಿದೀನಿ!

ತಿಮ್ಮಯ್ಯ: ಶುಭ ಆಯ್ತು ಬಿಡಕ್ಕ. ಗಂಗೆಪೂಜೆ ಇಲ್ಲೇ ಮುಗೀತು.

ಆಚೆಯ ದಡದಲ್ಲಿ ಹಾಡು ಮತ್ತೆ ನಿಂತಿತು. ಈ ಬಾರಿ ಮೋಹನನ ಧ್ವನಿಯಲ್ಲಿ ಸಂತೋಷವಿತ್ತು.

ಮೈಕು: ಬಂಧುಗಳಲ್ಲಿ ಒಂದು ತಿಳಿವಳಿಕೆ. ಅತ್ತೆಯವರು ಆಚೆ ದಡದಲ್ಲಿ ಕಾಣುತ್ತಿದ್ದಾರೆ. ಶ್ರೀ ಏಕಾಂತಯ್ಯನವರು ಎರಡೂ ಕೈ ಬೀಸಿ, ನಮ್ಮನ್ನು ಕಾಯಬೇಡಿ, ಶಾಸ್ತ್ರ ಮುಂದುವರಿಸಿ ಎಂದು ಸೂಚಿಸುತ್ತಿದ್ದಾರೆ. ಆದ್ದರಿಂದ ಶ್ರೀಮತಿ ಗಂಗಾಮಣಮ್ಮನವರು ಹಸೆಮಣೆಯ ಬಳಿ ಬರಬೇಕು.

ದಡದ ಮೇಲೆ ಏಕಾಂತಯ್ಯನವರ ಎರಡೂ ಕೈಗಳು ಗಾಳಿಯಲ್ಲೇ ನಿಂತವು.

ದ್ರಾಕ್ಷಾಯಣಿ: ನೋಡಿದ್ರಾ? ಇಷ್ಟು ವರ್ಷ ಬಾಯಲ್ಲಿ ಮಾಡ್ತಿದ್ದ ಅನಾಹುತ ಇವತ್ತು ಕೈಯಲ್ಲೂ ಮಾಡ್ಬುಟ್ರಿ!

ಏಕಾಂತಯ್ಯ: ನಾನು ತಿಮ್ಮನಿಗೆ ಬೀಸಿದ್ದು ಕಣೇ!

ದ್ರಾಕ್ಷಾಯಣಿ: ಅದನ್ನ ಗಂಗಾಮಣಿಗೆ ಹೇಳಿ. ಇವತ್ತು ಅವಳು ಆ ಬಳೆ ತೊಡಿಸಿದ್ರೆ, ಇನ್ನು ಆ ಮನೆ ಹೊಸ್ತಿಲಿಗೆ ನಾನು ಅತ್ತೆ ಅಲ್ಲ, ಬರೀ ನೆಂಟಳು.

ಇದು ಜಗಳದ ಧ್ವನಿಯಲ್ಲವೆಂಬುದು ಏಕಾಂತಯ್ಯನವರಿಗೆ ಅರ್ಥವಾಯಿತು. ಅವರ ಕಣ್ಣು ಮೊದಲ ಬಾರಿಗೆ ತೂಗುಗುಂಡಿನ ಮೇಲಿನಿಂದ ಸರಿಯಿತು. ಅಷ್ಟರಲ್ಲಿ ದ್ರಾಕ್ಷಾಯಣಮ್ಮನವರು ದೋಣಿಯ ನಟ್ಟನಡುವೆ ಎದ್ದು ನಿಂತು, ಎರಡೂ ಕೈಗಳನ್ನು ಮೇಲೆತ್ತಿ, "ಬೇಡಾ! ಬೇಡಾ!" ಎಂದು ಆಚೆ ದಡಕ್ಕೆ ಆಡಿಸಿದರು.

ಮೈಕು: ಅತ್ತೆಯವರು ಕೂಡ ಎರಡೂ ಕೈಯೆತ್ತಿ ದೂರದಿಂದಲೇ ಆಶೀರ್ವದಿಸುತ್ತಿದ್ದಾರೆ. ಅವರಿಗೆ ಅನಂತ ವಂದನೆಗಳು. ಗಂಗಾಮಣಮ್ಮನವರೇ, ದಯವಿಟ್ಟು ಬನ್ನಿ.

ತಿಮ್ಮಯ್ಯ: ಅಕ್ಕ, ನೀನು ಕೈ ಇಳಿಸು. ಇನ್ನೊಂದು ಸಲ ಬೀಸಿದ್ರೆ ಊಟಕ್ಕೂ ಎಲೆ ಹಾಕ್ಬುಡ್ತಾರೆ.

ಆಕೆ ಕೈ ಇಳಿಸಿ, ಕಂಬದ ಬುಡದಲ್ಲೇ ಕುಸಿದು ಕುಳಿತರು. ತಿಮ್ಮಯ್ಯನೂ ನೀರು ಮೊಗೆಯುತ್ತ ನಡುವಿನಲ್ಲೇ ಇದ್ದ.

ಏಕಾಂತಯ್ಯ: ನಿಲ್ಲಿ! ಯಾರೂ ಮಿಸುಕಾಡ್ಬೇಡಿ! ನೆಟ್ಟಗಾಯ್ತು! ಕಂಬ ನೆಟ್ಟಗೆ, ದಾರದ ಹಂಗೆ ನಿಂತೈತೆ!

ದ್ರಾಕ್ಷಾಯಣಿ: ಯಾರು ಬಿಗಿದ್ರು?

ಏಕಾಂತಯ್ಯ: ಯಾರೂ ಇಲ್ಲ. ತಾನಾಗೇ ನೆಟ್ಟಗಾಯ್ತು.

ದ್ರಾಕ್ಷಾಯಣಮ್ಮನವರು ಮೆಲ್ಲನೆ ತಲೆಯೆತ್ತಿ ಗುಂಡನ್ನು ನೋಡಿದರು. ಅನಂತರ ಕುಳಿತಲ್ಲಿಂದ ಎಡಕ್ಕೆ ಸರಿದರು.

ಏಕಾಂತಯ್ಯ: ಅಯ್ಯೋ, ಎಡಕ್ಕೆ ವಾಲ್ತು!

ಆಕೆ ಬಲಕ್ಕೆ ಸರಿದರು.

ಏಕಾಂತಯ್ಯ: ಈಗ ಬಲಕ್ಕೆ!

ಆಕೆ ಮತ್ತೆ ನಡುವಿಗೆ ಬಂದರು.

ಏಕಾಂತಯ್ಯ: ಈಗ ಸರಿ... ಈಗ ಸರಿಯಾಗೈತೆ...

ಕೊನೆಯ ಮಾತು ಬಾಯಿಂದ ಹೊರಡುವಷ್ಟರಲ್ಲೇ ಅದರ ಅರ್ಥ ಏಕಾಂತಯ್ಯನವರ ತಲೆಗೆ ಇಳಿಯಿತು. ಅವರು ಮುಚ್ಚಿದ್ದ ಕಣ್ಣನ್ನೂ ತೆರೆದರು.

ದ್ರಾಕ್ಷಾಯಣಿ: ವಾಲ್ತಿರೋದು ಕಂಬ ಅಲ್ಲ ಕಣ್ರೀ. ದೋಣಿ. ತಿಮ್ಮಣ್ಣ ಯಾವ ಕಡೆ ಕೂತು ಬಿಗೀತಾರೋ ದೋಣಿ ಆ ಕಡೆ ವಾಲ್ತೈತೆ. ನೀವು ಈ ಕಡೆ ಬಿಗಿ ಅಂತೀರಿ. ಅವರು ಈ ಕಡೆ ಬಂದ್ರೆ ಈ ಕಡೆ ವಾಲ್ತೈತೆ. ಇಬ್ರೂ ಸೇರಿ ಬೆಳಗ್ಗಿಂದ ತೊಟ್ಟಿಲು ತೂಗಿದೀರಿ. ಸೀಮಂತ ಇನ್ನೂ ಆಗಿಲ್ಲ, ನಾಮಕರಣಾನೇ ಮಾಡ್ಬುಟ್ರಿ!

ತಿಮ್ಮಯ್ಯ: ನಾನು ನಿಲ್ಲಿಸಿದ ಕಂಬಗಳ ಬುಡ ಯಾವತ್ತೂ ಹಿಂಗೆ ಕುಣಿದಿರ್ಲಿಲ್ಲ ಮಾರಾಯ. ನೆಲದ ಮೇಲೆ ನಂಬಿಕೆ ಇಟ್ಟು ಬದುಕಿದೋನು ನಾನು.

ಏಕಾಂತಯ್ಯ: ತೂಗುಗುಂಡಿನ ತಪ್ಪಲ್ಲ. ಗುಂಡು ಸುಳ್ಳು ಹೇಳಲ್ಲ.

ದ್ರಾಕ್ಷಾಯಣಿ: ಗುಂಡು ಸುಳ್ಳು ಹೇಳ್ಲಿಲ್ಲ. ನೀವು ಕೇಳಿದ ಪ್ರಶ್ನೆ ಸುಳ್ಳು.

ಏಕಾಂತಯ್ಯನವರು ದೋಣಿಗೆ ಇಳಿದರು. ತೂಗುಗುಂಡನ್ನು ಬಿಚ್ಚಿ ಜೇಬಿಗೆ ಹಾಕಿದರು. ಕಂಬದ ತುದಿಯಿಂದ ಇಳಿದಿದ್ದ ಆ ದಾರವನ್ನೇ ಎಡ ಅಂಚಿಗೆ ಎಳೆದು ಗಂಟು ಹಾಕಿ ಗುರುತು ಮಾಡಿ, ಅದೇ ಗಂಟನ್ನು ಬಲ ಅಂಚಿಗೆ ತಂದು ಹಿಡಿದರು. ದೋಣಿ ಎಷ್ಟೇ ತೂಗಾಡಲಿ, ಈ ಅಳತೆ ಮಾತ್ರ ದೋಣಿಯ ಜೊತೆಗೇ ತೂಗಾಡುತ್ತಿತ್ತು. ಗಂಟು ಎರಡೂ ಅಂಚಿಗೆ ಒಂದೇ ಸಮನಾಗಿ ಮುಟ್ಟಿತು.

ತಿಮ್ಮಯ್ಯ: ಅಂದ್ರೆ?

ಏಕಾಂತಯ್ಯ: ಕಂಬ ನಟ್ಟನಡುವೆ ಐತೆ. ಎರಡೂ ಕಡೆ ಒಂದೇ ಸಮ ಬಿಗಿದಿದೀಯ. ಬರೀ ಬಿಗಿ ಜಾಸ್ತಿ ಆಗೈತೆ. ತಂತಿ ಎಳೆದ ಎಳೆತಕ್ಕೆ ಕಂಬ ತಳ ಒತ್ತಿ ಹಲಗೆ ಬಾಯಿ ಬಿಟ್ಟೈತೆ. ಅದಕ್ಕೇ ನೀರು. ಈಗ ಎರಡೂ ಕಡೆ ಸಡಿಲಿಸು.

ತಿಮ್ಮಯ್ಯ: ಎಷ್ಟು ಸಡಿಲಿಸ್ಲಿ?

ಏಕಾಂತಯ್ಯ: ಎಷ್ಟು ಬಿಗಿದಿದ್ಯೋ ಅಷ್ಟೂ.

ತಿಮ್ಮಯ್ಯ: ಹಂಗಾದ್ರೆ ಬೆಳಗ್ಗೆ ಇದ್ದಂಗೇ ಆಯ್ತಲ್ಲ ಮಾರಾಯ!

ಏಕಾಂತಯ್ಯ: ಬೆಳಗ್ಗೆ ಇದ್ದದ್ದು ಊಹೆ. ಈಗ ಇರೋದು ಅಳತೆ.

ದ್ರಾಕ್ಷಾಯಣಿ: ಶಿವನೇ! ಅಳತೇನೋ ಊಹೇನೋ, ಮೊದ್ಲು ಆ ಬಟ್ಟೆ ಏರಿಸ್ರೀ!

ತಿರುಪುಗಳು ಹಿಂದಕ್ಕೆ ತಿರುಗಿದವು, ಒಡಲಿನ ನರಳಿಕೆ ನಿಂತಿತು, ಜಿನುಗು ತಗ್ಗಿತು. ತಿಮ್ಮಯ್ಯ ಹಗ್ಗ ಬಿಚ್ಚಿದ. ಬಿಳಿಯ ಹಾಯಿ ಚಟಪಟ ಸದ್ದು ಮಾಡುತ್ತ ಮೇಲೇರಿ, ಮೂಡಲ ಗಾಳಿಗೆ ಹೊಟ್ಟೆಯುಬ್ಬಿಸಿತು. ದೋಣಿ ದಡ ಬಿಟ್ಟಿತು. ಆಚೆಯ ಶಾಮಿಯಾನದಲ್ಲಿ ಕೋಲಾಹಲವೆದ್ದದ್ದು ಬರಿಗಣ್ಣಿಗೇ ಕಾಣಿಸಿತು.

ಮೈಕು: ತಿದ್ದುಪಡಿ! ತಿದ್ದುಪಡಿ! ಅತ್ತೆಯವರು ಹೊರಟಿದ್ದಾರೆ. ಗಂಗಾಮಣಮ್ಮನವರು ದಯವಿಟ್ಟು ಬಳೆಯನ್ನು ತಟ್ಟೆಯಲ್ಲಿಡಬೇಕು. ತಾಯಿ, ತಟ್ಟೆಯಲ್ಲಿ. ದಯವಿಟ್ಟು.

ದ್ರಾಕ್ಷಾಯಣಿ: ಇಡಲ್ಲ ಅವಳು. ನಾನು ಬಲ್ಲೆ ಅವಳನ್ನ. ಕೈಯಲ್ಲೇ ಹಿಡ್ಕೊಂಡಿರ್ತಾಳೆ. ಇನ್ನೂ ಜೋರಾಗಿ ನಡೆಸ್ರೀ.

ಏಕಾಂತಯ್ಯ: ಗಾಳಿಗೆ ನಾನೇನು ಚಾಟಿ ಹೊಡೀಲಾ?

ಚುಕ್ಕಾಣಿ ಹಿಡಿದ ಏಕಾಂತಯ್ಯನವರ ಮುಖದಲ್ಲಿ ಅರಸುಕಳೆ ಮೂಡಿತ್ತು. ಗಾಳಿ ಬಲಗಡೆಯಿಂದ ಬೀಸಿ ದೋಣಿ ತುಸುವೇ ಎಡಕ್ಕೆ ಬಾಗಿ, ನೀರನ್ನು ಸೀಳಿ ಸಾಗಿತು. ನಡುನೀರು ತಲುಪುವಷ್ಟರಲ್ಲಿ ಆ ಕಳೆ ಅಳಿಸಿಹೋಯಿತು.

ಏಕಾಂತಯ್ಯ: ತಿಮ್ಮ! ಎಡಗಡೆ ತಂತಿ ನೋಡೋ! ನೇತಾಡ್ತಾ ಐತೆ! ಸ್ಪ್ಯಾನರ್ ತಗೋ, ಬಿಗಿ!

ತಿಮ್ಮಯ್ಯ: ಬೇಡ ಮಾರಾಯ. ಗಾಳಿ ಬರೋ ಕಡೆ ತಂತಿ ದುಡೀತಾ ಐತೆ, ಈ ಕಡೆದು ರಜೆ ತಗೊಂಡೈತೆ. ತಿರುಗಿ ಬರುವಾಗ ಇದು ದುಡೀತದೆ, ಅದು ರಜೆ.

ಏಕಾಂತಯ್ಯ: ರಜೆ ಕೊಡೋಕೆ ನೀನ್ಯಾರು? ಎಸ್ಟೇಟಿನಲ್ಲಿ ನಾನು ಯಾರಿಗೂ ಹಿಂಗೆ ರಜೆ ಕೊಟ್ಟೋನಲ್ಲ. ಹಾಯಿ ಇಳಿಸು, ಎರಡು ನಿಮಿಷ ನಿಲ್ಲಿಸಿ ಬಿಗೀತೀನಿ. ಸ್ಪ್ಯಾನರ್ ಎಲ್ಲಿ?

ತಿಮ್ಮಯ್ಯ: ಇಲ್ಲೇ ಇತ್ತು.

ಏಕಾಂತಯ್ಯ: ದ್ರಾಕ್ಷಾಯಣಿ, ಸ್ಪ್ಯಾನರ್ ನೋಡಿದ್ಯಾ?

ದ್ರಾಕ್ಷಾಯಣಿ: ಯಾವ ಸ್ಪ್ಯಾನರ್?

ಏಕಾಂತಯ್ಯ: ಒಂದೇ ಇದ್ದದ್ದು.

ದ್ರಾಕ್ಷಾಯಣಿ: ಹಂಗಾದ್ರೆ ಅದೇ ಇರಬೇಕು, ಕಾಣದೇ ಇರೋದು.

ಆಕೆ ದಡದ ಕಡೆಗೆ ದೃಷ್ಟಿ ನೆಟ್ಟು, ಕಲ್ಲಿನ ಪ್ರತಿಮೆಯಂತೆ ಕುಳಿತಿದ್ದರು. ಸ್ಪ್ಯಾನರಿಲ್ಲದ ಏಕಾಂತಯ್ಯನವರಿಗೆ ಚುಕ್ಕಾಣಿಯನ್ನು ಹಿಡಿದಿರುವುದರ ಹೊರತು ಬೇರೇನೂ ಮಾಡಲಾಗಲಿಲ್ಲ. ಆದಕಾರಣ ದೋಣಿ ಬಹಳ ಚೆನ್ನಾಗಿ ಸಾಗಿತು. ದಡದಲ್ಲಿ ನಿಂತವರ ಮುಖಗಳು ಸ್ಪಷ್ಟವಾದವು. ಹಸೆಮಣೆಯ ಮೇಲೆ ಕೃತಿಕಾ, ಅವಳ ಪಕ್ಕದಲ್ಲಿ ಬಳೆಯನ್ನು ಕೈಯಲ್ಲೇ ಹಿಡಿದು ನಿಂತ ಗಂಗಾಮಣಿ. ಇನ್ನೇನು ಮುಟ್ಟಿದೆವು ಎನ್ನುವಷ್ಟರಲ್ಲಿ, ದೋಣಿಯ ಅಡಿಯಲ್ಲಿ 'ಗರ್ರ್' ಎಂದು ಕಲ್ಲು ಉಜ್ಜಿತು. ದೋಣಿ ಮುಗ್ಗರಿಸಿ ನಿಂತಿತು. ಹಾಯಿ ಎಳೆಯುತ್ತಲೇ ಇತ್ತು. ದೋಣಿ ಮಾತ್ರ ಹೂತಿಟ್ಟಂತೆ ಕುಳಿತಿತ್ತು.

ತಿಮ್ಮಯ್ಯ: ಈಗ ಯಾರೆಷ್ಟು ಓಡಾಡಿದ್ರೂ ವಾಲಲ್ಲ ಮಾರಾಯ. ಬೇಕಾದ್ರೆ ಈಗ ಬಿಡು ನಿನ್ನ ಗುಂಡು.

ಏಕಾಂತಯ್ಯ: ಇಲ್ಲಿ ಬಂಡೆ ಎಲ್ಲಿಂದ ಬಂತು?

ದ್ರಾಕ್ಷಾಯಣಮ್ಮನವರು ಬಾಗಿ ನೀರಿನೊಳಗೆ ನೋಡಿದರು. ತಿಳಿನೀರಿನಡಿಯಲ್ಲಿ, ಪಾಚಿ ಕಟ್ಟಿದ ಕಲ್ಲುಗಳ ಸಾಲೊಂದು ದಡದ ಕಡೆಗೆ ನೇರವಾಗಿ ಹೋಗಿತ್ತು.

ದ್ರಾಕ್ಷಾಯಣಿ: ಬಂಡೆ ಅಲ್ಲ ಕಣ್ರೀ. ಇದು ಅಪ್ಪನ ಮೇಲುಗದ್ದೆ ಬದ. ಮಣ್ಣು ಕುಸೀತದೆ ಅಂತ ಅಪ್ಪಾನೇ ಕಲ್ಲು ಕೂರಿಸಿದ್ದು. ಡ್ಯಾಮಿನ ನೀರು ನಿಂತ ವರ್ಷ ಮುಳುಗಿದ್ದು. ಬುತ್ತಿ ಹೊತ್ಕೊಂಡು ಇದರ ಮೇಲೆ ನಾನು ಅದೆಷ್ಟು ಸಲ ಓಡಿದೀನೋ.

ಆಕೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಬುಟ್ಟಿಯನ್ನು ತಲೆಯ ಮೇಲಿಟ್ಟು ಎದ್ದು ನಿಂತರು. ಆಕೆ ಕುಳಿತಿದ್ದ ಜಾಗದಲ್ಲಿ ಸ್ಪ್ಯಾನರು ಹೊಳೆಯಿತು. ಏಕಾಂತಯ್ಯನವರು ಅದನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಕೈ ನೀಡಿದರು. ಆಕೆ ಆ ಕೈ ಹಿಡಿದು ನೀರಿಗಿಳಿದರು. ನೀರು ಮೊಣಕಾಲನ್ನೂ ಮುಟ್ಟಲಿಲ್ಲ.

ದಡದಿಂದ ಮಹೇಶ ಕೂಗಿದ: ಅಕ್ಕಾ, ಹುಷಾರು! ಜಾರ್ತದೆ!

ದ್ರಾಕ್ಷಾಯಣಿ: ಅಪ್ಪನ ಬದದ ಮೇಲೆ ನನಗೆ ಹುಷಾರು ಹೇಳಿಕೊಡ್ತೀಯೇನೋ? ನೀನು ಇದರ ಮೇಲಿಂದ ಕೆಸರಿಗೆ ಬಿದ್ದಾಗ ಎತ್ತಿದೋಳು ನಾನು!

ಆಕೆ ಒಂದು ಕಡೆಯೂ ತಡವರಿಸಲಿಲ್ಲ. ಮುಳುಗಿದ ಗದ್ದೆಯ ಬದದ ಮೇಲೆ, ತಲೆಯ ಮೇಲಿನ ಬುಟ್ಟಿಗೆ ಕೈಯನ್ನೂ ಕೊಡದೆ, ನೀರಿನ ಮೇಲೆಯೇ ನಡೆದು ಹೋದಂತೆ ನಡೆದು ದಡ ಸೇರಿದರು. ಮೋಹನ ಗಡಿಬಿಡಿಯಲ್ಲಿ ಮೈಕನ್ನು ಆರಿಸುವುದನ್ನು ಮರೆತಿದ್ದನಾಗಿ, ಮುಂದಿನ ಸಂಭಾಷಣೆಯೆಲ್ಲ ದೋಣಿಯಲ್ಲಿದ್ದವರಿಗೂ ಸುತ್ತಲಿನ ಮೂರು ಊರಿಗೂ ಕೇಳಿಸಿತು.

ಗಂಗಾಮಣಿ: ಬಾರಕ್ಕ. ನೀರಿಂದ ಎದ್ದು ಬರೋದು ನೋಡಿ, ಬಳೆ ಬದಲು ಮೀನು ತಂದ್ಯೇನೋ ಅಂದ್ಕೊಂಡೆ.

ದ್ರಾಕ್ಷಾಯಣಿ: ಇಷ್ಟೊತ್ತು ಹಿಡ್ಕೊಂಡು ನಿಂತಿದ್ಯಲ್ಲ, ಕೈ ನೋಯ್ತಾ ಇರಬೇಕು. ಕೊಡು ಇಲ್ಲಿ.

ಗಂಗಾಮಣಿ: ಪಾಪ, ನಿನಗೆ ದೂರ ಅಂತ...

ದ್ರಾಕ್ಷಾಯಣಿ: ದೂರ ಏನಿಲ್ಲ ಕಣೇ. ಅಪ್ಪ ದಾರಿ ಮಾಡಿಟ್ಟಿದ್ದ.

ಬಳೆಗಳ ಕಿಣಿಕಿಣಿ ಸದ್ದು ಮೈಕಿನಲ್ಲಿ ಮೊಳಗಿತು. ಮುತ್ತೈದೆಯರು ಸೋಬಾನೆ ಎತ್ತಿದರು. ಏಕಾಂತಯ್ಯನವರು ಕಿಸೆಯಿಂದ ಕರವಸ್ತ್ರ ತೆಗೆದು, ಗಾಳಿಗೆ ಕಣ್ಣಿನಲ್ಲಿ ನೀರು ಬಂತೆಂದು ಯಾರೂ ಕೇಳದಿದ್ದರೂ ಹೇಳಿದರು. ಅವರು ಸ್ಪ್ಯಾನರಿನಿಂದ ಕಲ್ಲನ್ನು ಮೀಟಿದರು. ತಿಮ್ಮಯ್ಯ ಹುಟ್ಟಿನಿಂದ ತಳ್ಳಿದ. ಕಲ್ಲಿನ ಸಂದಿಗೆ ಕಚ್ಚಿಕೊಂಡ ದೋಣಿ ಅಲುಗಲಿಲ್ಲ.

ಮೈಕು: ಇನ್ನೊಂದು ತಿಳಿವಳಿಕೆ. ಶ್ರೀ ಏಕಾಂತಯ್ಯನವರೂ ಅವರ ಸ್ನೇಹಿತರೂ ಊಟದ ಹೊತ್ತಾದರೂ ಗದ್ದೆಯಲ್ಲೇ ಇದ್ದಾರೆ. ಚಲುವಯ್ಯನವರು ಎಲ್ಲಿದ್ದರೂ ತಮ್ಮ ಜೋಡೆತ್ತಿನೊಂದಿಗೆ ನೀರಿನ ಬಳಿ ಬರಬೇಕು.

ಏಕಾಂತಯ್ಯ: ಬೇಡ ಅನ್ನು! ಎತ್ತು ಎಳೆದ್ರೆ ಇದು ಹಾಯಿದೋಣಿ ಅಲ್ಲ, ಗಾಡಿ! ಬೇಡ ಅನ್ನು ಅವನಿಗೆ!

ತಿಮ್ಮಯ್ಯ: ಕೈ ಬೀಸಿ ಹೇಳ್ಲಾ?

ಏಕಾಂತಯ್ಯನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಚಲುವಯ್ಯ ಕೊಂಬಿಗೆ ಹೂ ಕಟ್ಟಿದ ಎರಡು ಎತ್ತುಗಳನ್ನು ನೀರಿಗಿಳಿಸಿ, ದೋಣಿಯ ಮೂತಿಯ ಹಗ್ಗವನ್ನು ನೊಗಕ್ಕೆ ಬಿಗಿದು, ಬಾಲ ಮುರಿಯಲು ಕೈಯೆತ್ತಿದ.

ತಿಮ್ಮಯ್ಯ: ಸ್ವಲ್ಪ ತಡಿ ಚಲುವಯ್ಯ. ನೊಗ ಎರಡೂ ಕಡೆ ಸಮ ಐತಾ ಅಂತ ನಮ್ಮ ರೈಟರು ಒಂದ್ಸಲ ನೋಡ್ಬುಡ್ಲಿ. ಆಮೇಲೆ ಹೊರಡೋಣ.

ಅನಂತರ ನಡೆದದ್ದು ಇಷ್ಟು. ಎತ್ತುಗಳು ದೋಣಿಯನ್ನು ಶಾಮಿಯಾನದ ಮುಂದಿನವರೆಗೂ ಎಳೆದು ತಂದವು. ಏಕಾಂತಯ್ಯನವರೂ ತಿಮ್ಮಯ್ಯನೂ ಎರಡನೆಯ ಪಂಕ್ತಿಯಲ್ಲಿ ಊಟ ಮಾಡಿದರು. ಸಂಜೆ ಗಾಳಿ ಬಿದ್ದುಹೋದದ್ದರಿಂದ ಮೂವರೂ ಕುಳ್ಳಯ್ಯನ ತೆಪ್ಪದಲ್ಲಿ ಹಿಂದಿರುಗಿದರು. ಮುಂದಿನ ಭಾನುವಾರ, ಡಿಸೆಂಬರ್ ೨೧ರಂದು, ಹಲಗೆಯ ಸಂದಿಗೆ ಡಾಂಬರು ಬಳಿದು ದೋಣಿಯನ್ನು ಈಚೆ ದಡಕ್ಕೆ ತರಲಾಯಿತು. ೧೯೯೮ನೆಯ ಮಾರ್ಚ್ ೩, ಮಂಗಳವಾರ, ಕೃತಿಕಾಳಿಗೆ ಸುಖಪ್ರಸವವಾಗಿ ಹೆಣ್ಣು ಮಗುವಾಯಿತು. ಮಗುವಿಗೆ ಮೋನಿಕಾ ಎಂದು ಹೆಸರಿಟ್ಟರು.